ಸೀಸನ್ ಗಂಟಲು ಅಂದುಕೊಂಡಿದ್ದೆವು

ಶ್ರೀನಿವಾಸಪುರದ ಮಾವಿನ ಮಂಡಿಗಳಲ್ಲಿ ಮೇ ತಿಂಗಳು ಮುಗಿಯುವಷ್ಟರಲ್ಲಿ ಗಂಟಲು ಕೂರದ ಹರಾಜುಗಾರ ಯಾರಾದರೂ ಇದ್ದರೆ, ಅವನ ಮಂಡಿಗೆ ಆ ವರ್ಷ ಕಾಯಿ ಬಂದಿಲ್ಲ ಎಂದೇ ಅರ್ಥ. ಬೆಳಗಿನಿಂದ ಮಧ್ಯಾಹ್ನದವರೆಗೆ ಕೂಗಬೇಕು. ಟೆಂಪೋಗಳ ಹಾರನ್ನು, ಹಮಾಲರ ಜಗಳ, ಎದುರು ಮಂಡಿಯವನ ಕೂಗು, ಇವೆಲ್ಲದರ ಮೇಲೆ ನಮ್ಮ ದನಿ ಕೇಳಿಸಬೇಕು. ಅದಕ್ಕೇ ಎಲ್ಲರ ಗಂಟಲೂ ಒಡೆಯುತ್ತದೆ. ನಾವು ಅದನ್ನು ಸೀಸನ್ ಗಂಟಲು ಎನ್ನುತ್ತೇವೆ. ಕಲ್ಲುಸಕ್ಕರೆ, ಮೆಣಸು, ಒಂದು ತುಂಡು ಅತಿಮಧುರ ಜೇಬಿನಲ್ಲಿರುತ್ತವೆ. ಕಾಯಿ ಮುಗಿದ ಮೇಲೆ ಗಂಟಲು ತಾನಾಗಿಯೇ ಸರಿಹೋಗುತ್ತದೆ.

ಆದ್ದರಿಂದ ನನ್ನ ದನಿ ಹೋದಾಗ ಯಾರೂ ಗಾಬರಿಯಾಗಲಿಲ್ಲ.

ನಾನೂ ಆಗಲಿಲ್ಲ.

ನನ್ನ ಹೆಸರು ಚಲಪತಿ. ಅನ್ವರ್ ಸಾಬರ ಮಂಡಿಯಲ್ಲಿ ಹರಾಜು ಕೂಗುವುದು ನನ್ನ ಕೆಲಸ. ಮೀಸೆ ಮೂಡಿದಾಗ ಸೇರಿದವನು, ಈಗ ಮೀಸೆ ಬೆಳ್ಳಗಾಗಿದೆ. ನಾನು ಮಂಡಿಯಲ್ಲಿ ಕೂಗಿದರೆ ಬಸ್‌ಸ್ಟ್ಯಾಂಡಿನಲ್ಲಿ ಕೇಳಿಸುತ್ತದೆ ಎಂದು ಜನ ಹೇಳುತ್ತಿದ್ದರು. ಹೇಳದವರಿಗೆ ನಾನೇ ಹೇಳುತ್ತಿದ್ದೆ.

ಕಾಯಿಲೆ ಶುರುವಾದದ್ದು ಗಂಟಲಿನಿಂದಲ್ಲ, ಅಂಗಿಯ ಗುಂಡಿಯಿಂದ. ಹಿಂದಿನ ಚಳಿಗಾಲದಲ್ಲಿ ಒಂದು ಮದುವೆಗೆ ಹೊರಟಾಗ ಮೇಲಿನ ಗುಂಡಿ ಹಾಕಲು ಆಗಲಿಲ್ಲ. ಕುತ್ತಿಗೆಯ ಎಡಕ್ಕೆ ನಿಂಬೆಕಾಯಿಯಷ್ಟು ಗಡ್ಡೆ. ಕೋಲಾರದ ಒಂದು ನರ್ಸಿಂಗ್ ಹೋಮಿನಲ್ಲಿ ಸ್ಕ್ಯಾನ್ ಮಾಡಿದರು, ಸೂಜಿ ಹಾಕಿ ಟೆಸ್ಟಿಗೆ ಕಳಿಸಿದರು. ಕ್ಯಾನ್ಸರ್ ಅಲ್ಲ, ಥೈರಾಯ್ಡಿನಲ್ಲಿ ನೀರು ತುಂಬಿದ ಸಿಸ್ಟ್ ಎಂದರು. ನೀರು ಎಳೆದು ತೆಗೆದರು. ಅದು ಮತ್ತೆ ತುಂಬಿಕೊಂಡಿತು.

ಆಗ ಡಾಕ್ಟರು ಎರಡು ದಾರಿ ಹೇಳಿದರು. ಒಂದು ಆಪರೇಷನ್. ಇನ್ನೊಂದು, ನೀರು ತೆಗೆದ ಜಾಗಕ್ಕೆ ಆಲ್ಕೋಹಾಲ್ ಇಂಜೆಕ್ಷನ್ ಕೊಟ್ಟು ಸಿಸ್ಟನ್ನು ಒಣಗಿಸುವುದು. ಆಪರೇಷನ್ ಎಂದರೆ ಕುತ್ತಿಗೆಗೆ ಗಾಯ, ಆಮೇಲೆ ರೆಸ್ಟು. ಮರಗಳಲ್ಲಿ ಆಗಲೇ ಮಿಡಿ ಕಚ್ಚಿತ್ತು. ನಾನು ಇಂಜೆಕ್ಷನ್ ಎಂದೆ. ಅಪರೂಪಕ್ಕೆ ದನಿಯ ನರಕ್ಕೆ ತೊಂದರೆಯಾಗಬಹುದು ಎಂದೂ ಡಾಕ್ಟರು ಹೇಳಿದ್ದರು. ಅಪರೂಪ ಎಂಬ ಮಾತು ನನ್ನ ಕಿವಿಗೆ 'ಆಗುವುದಿಲ್ಲ' ಎಂದು ಕೇಳಿಸಿತು. ನನ್ನ ಹೆಂಡತಿ ಪದ್ಮ ಮಾತ್ರ ನಕ್ಕಳು. "ಹೆಂಡ ಸಾರಾಯಿ ಮೂಸಿ ನೋಡ್ದಿರೋ ಮನುಷ್ಯ. ಕೊನೆಗೆ ಕುತ್ತಿಗೆಗೇ ಹುಯ್ಸ್ಕೊಳ್ಳೋ ಕಾಲ ಬಂತು ನೋಡ್ರಿ" ಎಂದಳು.

ಮೊದಲ ಇಂಜೆಕ್ಷನ್ ಸಲೀಸಾಗಿ ಆಯಿತು. ಗಡ್ಡೆ ಅರ್ಧ ಇಳಿಯಿತು. ಇನ್ನೊಂದು ಕೊಡೋಣ ಎಂದರು. ಅದು ಮೇ ತಿಂಗಳ ಮೊದಲಲ್ಲಿ. ಸೂಜಿ ಹೋದದ್ದು ಅಷ್ಟೇನೂ ಗೊತ್ತಾಗಲಿಲ್ಲ. ಔಷಧಿ ಇಳಿಯುವಾಗ ಕುತ್ತಿಗೆಯಿಂದ ಕಿವಿಯವರೆಗೆ ಉರಿ ಎದ್ದಿತು. ಕೈ ಎತ್ತಿದೆ. ಡಾಕ್ಟರು ತಕ್ಷಣ ನಿಲ್ಲಿಸಿ, ನಿಮ್ಮ ಹೆಸರು ಹೇಳಿ ಎಂದರು. ಹೇಳಿದೆ. ಸರಿಯಾಗಿಯೇ ಬಂತು. "ದನಿಯಲ್ಲಿ ಏನಾದ್ರೂ ವ್ಯತ್ಯಾಸ ಕಂಡ್ರೆ ಕಾಯಬೇಡಿ, ಬಂದುಬಿಡಿ" ಎಂದು ಕಳಿಸಿಕೊಟ್ಟರು.

ಮೇ ತಿಂಗಳಲ್ಲಿ ಹರಾಜುಗಾರನ ದನಿಯಲ್ಲಿ ವ್ಯತ್ಯಾಸ ಕಾಣುವುದು ಹೇಗೆ?

ಅಂದು ಸಂಜೆಗೆ ದನಿ ಗೊಗ್ಗರಾಯಿತು. ಮರುದಿನ ಮಂಡಿಯಲ್ಲಿ ಮೊದಲ ಕೂಗಿಗೆ ಬರೀ ಗಾಳಿ ಬಂತು. ಹಮಾಲರು ನಕ್ಕರು. "ಬಂತಪ್ಪಾ ಚಲಪತಣ್ಣನಿಗೆ ಸೀಸನ್ನು!" ಅನ್ವರ್ ಸಾಬರು ತಮ್ಮ ಡಬ್ಬಿಯಿಂದ ಅತಿಮಧುರ ತೆಗೆದುಕೊಟ್ಟು, "ಅರೆ, ಈ ವರ್ಷ ಬೇಗ್ನೇ ಬಂತಲ್ಲೋ. ದವಡೇಲಿ ಇಟ್ಕೋ, ನುಂಗ್ಬೇಡ" ಎಂದರು. ನಾನೂ ನಕ್ಕೆ. ಹಾಗೇ ಕೂಗಲು ನೋಡಿದೆ. ಹೊಟ್ಟೆಯಿಂದ ಎಳೆದು ತಂದರೂ ಒಂದು ಉಸಿರಿಗೆ ನಾಲ್ಕು ಮಾತು ಬರುತ್ತಿರಲಿಲ್ಲ. ಹಿಂದೆಂದೂ ಹೀಗಾಗಿರಲಿಲ್ಲ ಎಂಬುದು ನನಗೆ ಒಳಗೊಳಗೇ ಗೊತ್ತಿತ್ತು. ಆದರೆ ಸುತ್ತ ಇದ್ದವರೆಲ್ಲರ ಗಂಟಲೂ ಕೂತಿರುವಾಗ, ನನ್ನದು ಮಾತ್ರ ಬೇರೆ ಎಂದು ಹೇಳಿಕೊಳ್ಳುವುದು ಹೇಗೆ? ಊರಿಗೆಲ್ಲ ನೆಗಡಿಯಾದಾಗ ನನ್ನ ನೆಗಡಿ ದೊಡ್ಡದು ಎಂದ ಹಾಗಾಗುತ್ತದೆ.

ಆಮೇಲೆ ಕ್ರೇಟು ಎತ್ತಲು ಆಗದಾಯಿತು. ತೋಳಿನಲ್ಲಿ ಶಕ್ತಿ ಇತ್ತು. ಬಗ್ಗಿ ಹಿಡಿದು, ಉಸಿರು ಕಟ್ಟಿ ಎತ್ತಬೇಕು ಎನ್ನುವಾಗ ಉಸಿರು ಗಂಟಲಿನಿಂದ ಸೋರಿಹೋಗುತ್ತಿತ್ತು. ಉಸಿರು ನಿಲ್ಲದೆ ಭಾರ ಎತ್ತಲಾಗುವುದಿಲ್ಲ ಎಂದು ನನಗೆ ಗೊತ್ತೇ ಇರಲಿಲ್ಲ. ವಯಸ್ಸಾಯಿತು ಅಂದುಕೊಂಡೆ.

ಕಾಯಿಲೆಯನ್ನು ಹಿಡಿದವಳು ಪದ್ಮ. ಹಿಡಿದದ್ದು ನೀರಿನಿಂದ.

ನಾನು ನೀರು ಕುಡಿದರೆ ನೆತ್ತಿಗೆ ಹತ್ತುತ್ತಿತ್ತು. ಮೊದಮೊದಲು ಅವಳು ತಲೆ ತಟ್ಟಿ, "ಯಾರೋ ನೆನೆಸ್ಕೊತಿದಾರೆ" ಎಂದಳು. ಕಾಫಿಗೂ ಅದೇ. ಸಾರಿಗೂ ಅದೇ. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬರುತ್ತಿತ್ತು. ಒಂದು ಬೆಳಿಗ್ಗೆ ಅವಳು ತಲೆ ತಟ್ಟುವುದನ್ನು ನಿಲ್ಲಿಸಿ, ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಅಲ್ಲಾ, ಇಷ್ಟೊಂದು ಜನ ನೆನೆಸ್ಕೊಳ್ಳೋಕೆ ನೀವೇನ್ ಎಮ್ಮೆಲ್ಲೇನಾ? ಗಂಟ್ಲು ಕೂತ್ರೆ ದನಿ ಹೋಗ್ಬೇಕು. ನೀರ್ಯಾಕ್ರೀ ಅಡ್ಡ ಹೋಗುತ್ತೆ? ನಡೀರಿ ಕೋಲಾರಕ್ಕೆ."

"ಕಾಯಿ ಬರೋ ದಿನ..." ಎಂದು ಪಿಸುಗುಟ್ಟಿದೆ.

"ಕಾಯಿ ಮುಂದಿನ ವರ್ಷನೂ ಬರುತ್ತೆ."

ನರ್ಸಿಂಗ್ ಹೋಮಿನ ಡಾಕ್ಟರು ನನ್ನ ದನಿ ಕೇಳಿದ ಕೂಡಲೇ ಕುರ್ಚಿಯಿಂದ ಎದ್ದರು. ಯಾಕೆ ಇಷ್ಟು ದಿನ ಬರಲಿಲ್ಲ ಎಂದು ಕೇಳಿದರು. ಸೀಸನ್ ಗಂಟಲು ಎಂದೆ. ಅವರಿಗೆ ಅರ್ಥವಾಗಲಿಲ್ಲ. ತಾವೇ ಫೋನ್ ಮಾಡಿ ದೊಡ್ಡ ಆಸ್ಪತ್ರೆಯ ಇಎನ್‌ಟಿಗೆ ಕಳಿಸಿದರು.

ಅಲ್ಲಿದ್ದವರು ಒಬ್ಬ ಲೇಡಿ ಡಾಕ್ಟರು. ನಮ್ಮ ಮಗಳ ವಯಸ್ಸು. ಮೂಗಿನೊಳಗೆ ಮರಗಟ್ಟುವ ಸ್ಪ್ರೇ ಹೊಡೆದು, ದಾರದಷ್ಟು ಸಣ್ಣ ಕ್ಯಾಮರಾ ಇಳಿಸಿದರು. ಎದುರಿಗೆ ಟಿವಿ. "'ಈ' ಅನ್ನಿ ಅಂಕಲ್. ಮೂಗಲ್ಲಿ ಉಸಿರು ತಗೊಳ್ಳಿ. ಮತ್ತೆ 'ಈ' ಅನ್ನಿ."

ಇಷ್ಟು ವರ್ಷ ಅನ್ನ ಹಾಕಿದ ನನ್ನ ದನಿಯ ಮನೆಯನ್ನು ಅಂದೇ ಮೊದಲು ನೋಡಿದ್ದು. ತೇವವಾಗಿ, ಗುಲಾಬಿ ಬಣ್ಣದ್ದು. ನಡುವೆ ಬೆಳ್ಳಗೆ ಎರಡು ಪಟ್ಟಿ. ಇಷ್ಟೇನಾ ಅನ್ನಿಸಿತು. "ಬಾಗಿಲಿಗೆ ಎರಡು ರೆಕ್ಕೆ ಇದ್ದ ಹಾಗೆ ಅಂಕಲ್ ಇವು. ಎರಡೂ ಬಂದು ನಡುವೆ ಸೇರಿದ್ರೆ ದನಿ. ನೀರು ಕುಡಿಯುವಾಗಲೂ ಮುಚ್ಚಿಕೊಳ್ಳಬೇಕು. ಈಗ ನೋಡಿ."

ಬಲಗಡೆಯದು ಓಡಿ ಬಂದು ನಡುವೆ ನಿಂತಿತು.

ಎಡಗಡೆಯದು ಅಲ್ಲಾಡಲಿಲ್ಲ.

"ಲೆಫ್ಟ್ ವೋಕಲ್ ಕಾರ್ಡ್ ಪ್ಯಾರಾಲಿಸಿಸ್" ಎಂದರು ಡಾಕ್ಟರು. ಅದನ್ನು ಆಡಿಸುವ ನರ ಥೈರಾಯ್ಡಿನ ಹಿಂದೆಯೇ ಹೋಗುತ್ತದಂತೆ. ಇಂಜೆಕ್ಷನ್ನಿನ ಔಷಧಿ ಎಳೆಯಷ್ಟು ಆಚೆ ಸೋರಿದರೂ ನರಕ್ಕೆ ಏಟು. ಎಷ್ಟು ಹುಷಾರಾಗಿ ಕೊಟ್ಟರೂ ಕೆಲವರಿಗೆ ಹೀಗಾಗುತ್ತದಂತೆ. ಬಹಳ ಜನರಿಗೆ ತಿಂಗಳುಗಳಲ್ಲಿ ನರ ಮತ್ತೆ ಎಚ್ಚೆತ್ತುಕೊಳ್ಳುತ್ತದೆ, ಕೆಲವರಿಗೆ ಇಲ್ಲ. ನನಗೆ ಯಾವುದು ಎಂದು ಈಗಲೇ ಹೇಳಲು ಬರುವುದಿಲ್ಲ ಎಂದರು. ಅದುವರೆಗೆ ಪಿಸುಗುಟ್ಟಬಾರದು, ಕಿರುಚಬಾರದು. ಗಲ್ಲವನ್ನು ಎದೆಗೆ ತಾಗಿಸಿ ನುಂಗಬೇಕು. ತೆಳ್ಳಗಿನದ್ದು ಬೇಡ, ಗಟ್ಟಿಯಾದದ್ದು ಕುಡಿಯಬೇಕು.

ಬಸ್ಸಿನಲ್ಲಿ ನಾನು ಮನಸ್ಸಿನಲ್ಲೇ ಬೈಯಲು ಒಬ್ಬ ಮನುಷ್ಯನನ್ನು ಹುಡುಕುತ್ತಿದ್ದೆ. ಡಾಕ್ಟರನ್ನು ಬೈಯೋಣವೆಂದರೆ ಅವರು ಮೊದಲೇ ಹೇಳಿದ್ದರು. ನನ್ನನ್ನೇ ಬೈದುಕೊಳ್ಳೋಣವೆಂದರೆ ಆಪರೇಷನ್ನಿನಲ್ಲೂ ಇದೇ ಅಪಾಯವಿತ್ತು. ಕೋಪಕ್ಕೆ ಕೂರಲು ಎಲ್ಲಿಯೂ ಜಾಗ ಸಿಗದಿದ್ದರೆ ಅದು ಹೊಟ್ಟೆಯಲ್ಲೇ ಉಳಿದುಬಿಡುತ್ತದೆ. ಆ ತಿಂಗಳುಗಳಲ್ಲಿ ಪದ್ಮಳ ಮೇಲೆ ನಾನು ಕಾರಣವಿಲ್ಲದೆ ಎಷ್ಟೋ ಸಲ ಮುನಿಸಿಕೊಂಡೆ. ಅವಳಿಗೆ ಅದು ಮೀಸೆಯ ಕೆಳಗೆ ತುಟಿ ಅಲ್ಲಾಡಿದ ಹಾಗೆ ಕಾಣುತ್ತಿತ್ತು, ಅಷ್ಟೇ. "ಜಗಳ ಆಡೋಕೂ ಜೊತೆ ಬೇಕಲ್ರೀ. ಒಬ್ಳೇ ಎಷ್ಟೂಂತ ಆಡ್ಲಿ" ಎಂದು ಒಮ್ಮೆ ಅತ್ತೇಬಿಟ್ಟಳು.

ಪ್ಯಾರಾಲಿಸಿಸ್ ಎಂಬ ಮಾತು ನಾವು ಮನೆ ಸೇರುವ ಮೊದಲೇ ಮುಳಬಾಗಿಲು ತಲುಪಿತು. ಅಲ್ಲಿರುವವನು ಪದ್ಮಳ ಅಣ್ಣ ಶ್ರೀರಾಮಪ್ಪ. ಬಾವನಿಗೆ ಲಕ್ವ ಹೊಡೆದಿದೆ ಎಂದು ಕಾರು ಮಾಡಿಕೊಂಡೇ ಬಂದ. ಬಂದು ನೋಡಿದರೆ ನಾನು ಜಗಲಿಯಲ್ಲಿ ಕಾಲುಮೇಲೆ ಕಾಲು ಹಾಕಿ ಕೂತಿದ್ದೆ. ಆದರೂ ಬಿಡಲಿಲ್ಲ. ಗಡಿಯಾಚೆ ಆಂಧ್ರದಲ್ಲಿ ಲಕ್ವಕ್ಕೆ ಬೇರು ಅರೆದು ಕೊಡುವ ಅಜ್ಜನೊಬ್ಬನಿದ್ದಾನೆ, ಮಲಗಿದವರನ್ನು ಎಬ್ಬಿಸಿ ಕಳಿಸುತ್ತಾನೆ ಎಂದು ನನ್ನನ್ನು ಎಳೆದುಕೊಂಡು ಹೋದ. ಅಜ್ಜ ನನ್ನ ಕೈ ಎತ್ತಿಸಿದ, ಕಾಲು ಮಡಿಸಿದ, ಬೆರಳು ಹಿಸುಕಿಸಿಕೊಂಡು "ಅಬ್ಬಾ" ಎಂದ. ಬಾಯಿ ನೆಟ್ಟಗಿದೆಯೇ ಎಂದು ನಗಿಸಿ ನೋಡಿದ. ಕೊನೆಗೆ ಶ್ರೀರಾಮಪ್ಪನ ಕಡೆ ತಿರುಗಿ, "ಈಯನಕೇಮೀ ಕಾಲೇದಯ್ಯಾ, ತೀಸ್ಕೊನಿ ಪೋ" ಎಂದ. ಇವನಿಗೇನೂ ಆಗಿಲ್ಲ, ಕರ್ಕೊಂಡು ಹೋಗು ಎಂದು. ಔಷಧಿಯನ್ನೂ ಕೊಡಲಿಲ್ಲ, ದಕ್ಷಿಣೆಯನ್ನೂ ಮುಟ್ಟಲಿಲ್ಲ. ವಾಪಸು ಬರುವಾಗ ದಾರಿಯುದ್ದಕ್ಕೂ ಶ್ರೀರಾಮಪ್ಪ ಮಾತಾಡಲಿಲ್ಲ. ಕಾರಿನಲ್ಲಿ ಇಬ್ಬರು ಮೂಗರು. ಕಾಯಿಲೆ ಏನೆಂದು ಗೊತ್ತಾದ ಮೇಲೆ ನಾನು ಮೊದಲ ಸಲ ನಕ್ಕದ್ದು ಅಂದೇ. ನಗುವೂ ಗಾಳಿಯಾಗಿಯೇ ಬಂತು.

ಮನೆಯಲ್ಲಿ ಊಟದ ರೀತಿ ಬದಲಾಯಿತು. ಮುದ್ದೆ ನನ್ನ ಕೈಬಿಡಲಿಲ್ಲ, ಹಿಂದಿನಂತೆಯೇ ಜಾರಿ ಇಳಿಯುತ್ತಿತ್ತು. ಕೈಬಿಟ್ಟದ್ದು ನೀರು. ಪದ್ಮ ರಾಗಿ ಅಂಬಲಿಯನ್ನು ಗಟ್ಟಿಯಾಗಿ ಮಾಡಿಟ್ಟು, ಬಾಯಾರಿದಾಗಲೆಲ್ಲ ಅದನ್ನೇ ಕೊಟ್ಟಳು. ಪ್ರತಿ ಗುಟುಕಿಗೂ ಗಲ್ಲ ಎದೆಗೆ ತಾಗಿಸುತ್ತಿದ್ದೆ. ನೋಡಿದವರಿಗೆ ಚಲಪತಿ ಅಂಬಲಿಗೆ ನಮಸ್ಕಾರ ಮಾಡುತ್ತಿದ್ದಾನೆ ಅನ್ನಿಸಬೇಕು. ಬಿಸಿಲಿನಲ್ಲಿ ಬಂದು ಒಂದು ಚೊಂಬು ತಣ್ಣೀರನ್ನು ಗಟಗಟ ಕುಡಿಯುವ ಸುಖ ಎಷ್ಟು ದೊಡ್ಡದು ಎಂದು ಅದು ಇಲ್ಲವಾದ ಮೇಲೆ ತಿಳಿಯಿತು.

ದೊಡ್ಡ ಆಸ್ಪತ್ರೆಗೆ ಎರಡನೇ ಸಲ ಹೋದಾಗ ಆ ಲೇಡಿ ಡಾಕ್ಟರು ಎದೆಗೆ ಸ್ಟೆಥಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ನೀರು ಶ್ವಾಸಕೋಶಕ್ಕೆ ಇಳಿಯುತ್ತಿದೆ, ಹೀಗೇ ಬಿಟ್ಟರೆ ನ್ಯುಮೋನಿಯಾ ಆದೀತು ಎಂದರು. "ನರ ಏಳೋವರೆಗೆ ಕಾಯೋಣ. ಅಷ್ಟರಲ್ಲಿ ಆ ಮಲಗಿರೋ ಕಾರ್ಡಿಗೆ ಒಂದು ಜೆಲ್ ತುಂಬಿದ್ರೆ ಅದು ಉಬ್ಬಿ ನಡುವೆ ಬರುತ್ತೆ. ಇನ್ನೊಂದು ಬಂದು ಅದಕ್ಕೆ ಸೇರುತ್ತೆ. ನೀರೂ ಸರಿಯಾಗಿ ಇಳಿಯುತ್ತೆ, ದನಿಯೂ ಬರುತ್ತೆ."

ಹೇಗೆ ತುಂಬುತ್ತೀರಿ ಎಂದು ಕೈಯಲ್ಲೇ ಕೇಳಿದೆ.

"ಇಂಜೆಕ್ಷನ್. ಕುತ್ತಿಗೆಯಿಂದಲೇ."

ಎದ್ದು ಹೊರಗೆ ಬಂದುಬಿಟ್ಟೆ.

ಪದ್ಮ ಕಾರಿಡಾರಿನಲ್ಲಿ ಹಿಂದೆಯೇ ಬಂದಳು. "ಮುಳ್ಳನ್ನ ಮುಳ್ಳಿಂದ್ಲೇ ತೆಗೀಬೇಕು ಅಂತಾರಲ್ರೀ" ಎಂದಳು. ನಾನು ಬೇಡವೆಂದು ತಲೆಯಾಡಿಸಿದೆ. ಗಾದೆ ಹೇಳುವವರ ಕುತ್ತಿಗೆಗೆ ಸೂಜಿ ಇಳಿಯುವುದಿಲ್ಲ. ನನಗೆ ಇನ್ನೂ ಅರ್ಧ ದನಿ ಇತ್ತು. ಬಲಗಡೆಯ ಕಾರ್ಡ್ ಇತ್ತು. ಆ ಸೂಜಿ ತಪ್ಪಿ ಅದೂ ಹೋದರೆ? ಆ ಭಯವನ್ನು ಯಾರಿಗೂ ಹೇಳಲಿಲ್ಲ. ಹೇಳಲು ಉಸಿರೂ ಸಾಲುತ್ತಿರಲಿಲ್ಲ.

ಮಂಡಿಗೆ ಮಾತ್ರ ಹೋಗುತ್ತಿದ್ದೆ. ನಾನು ಮನೆಯಲ್ಲಿ ಕೂತರೆ ಕೊರಗುತ್ತೇನೆ ಎಂದು ಅನ್ವರ್ ಸಾಬರೇ ಒಂದು ದಾರಿ ಮಾಡಿದರು. "ಕೂಗೋದು ಬೇಡ ಕಣೋ. ನಮ್ ಅಬ್ಬಾ ಕಾಲದ ಥರ ಟವೆಲ್ ಹಾಕೋಣ. ನಿನ್ ಬೆರಳಿಗೇನು ಲಕ್ವ ಹೊಡೆದಿಲ್ವಲ್ಲ" ಎಂದರು. ಟವೆಲ್ ವ್ಯಾಪಾರ ಎಂದರೆ ದನದ ಸಂತೆಯಲ್ಲಿ ಮಾಡುವ ಹಾಗೆ. ಕೊಳ್ಳುವವನ ಕೈ, ಮಂಡಿಯವನ ಕೈ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಮೇಲೆ ಟವೆಲ್ ಹೊದಿಸುತ್ತಾರೆ. ಒಳಗೆ ಬೆರಳು ಒತ್ತಿ ರೇಟು ಹೇಳುತ್ತಾರೆ. ನಮ್ಮಪ್ಪ ಇದರಲ್ಲಿ ಪಳಗಿದವನು, ನನಗೂ ಕಲಿಸಿದ್ದ. ವ್ಯಾಪಾರಿಗಳಿಗೆ ಇದು ಇಷ್ಟವಾಯಿತು. ಸದ್ದಿಲ್ಲ, ಗದ್ದಲವಿಲ್ಲ. ನನಗೂ ಹಾಯೆನಿಸಿತು. ದನಿ ಇಲ್ಲದೆಯೂ ಬದುಕಬಹುದು, ಸೂಜಿಯ ಗೊಡವೆ ಯಾಕೆ ಅಂದುಕೊಂಡೆ.

ಹೀಗಿರುವಾಗ ಪಿಳ್ಳಮ್ಮ ಕಾಯಿ ತಂದಳು. ರೋಣೂರಿನ ಕಡೆಯವಳು, ಗಂಡನಿಲ್ಲ, ತೋಟವನ್ನು ತಾನೇ ನೋಡಿಕೊಳ್ಳುವವಳು. ನಾನು ಕೆಲಸಕ್ಕೆ ಸೇರಿದಾಗಿನಿಂದ ಅವಳ ತೋತಾಪುರಿ ನಮ್ಮ ಮಂಡಿಗೇ. ಅವಳ ರಾಶಿಯ ಮುಂದೆ ಕೈಗಳ ಮೇಲೆ ಟವೆಲ್ ಹಾಕಿದೆವು. ಬೆರಳು ಆಡಿತು, ವ್ಯಾಪಾರ ಮುಗಿಯಿತು, ಅನ್ವರ್ ಸಾಬರು ಅವಳಿಗೆ ರೇಟು ಹೇಳಿದರು. ಅವಳು ನನ್ನ ಹತ್ತಿರ ಬಂದು ನಿಂತಳು.

"ಚಲಪತಣ್ಣಾ, ನಮ್ ಕಾಯಿ ಎಂಗೋಯ್ತು?"

ಸಾಬರ ಕಡೆ ಕೈ ತೋರಿಸಿದೆ.

"ಸಾಬ್ರು ಹೇಳುದ್ರು. ಸುಳ್ಳು ಅಂತ ನಾನ್ ಅಂತಿಲ್ಲ. ನೀನು ಕೂಗ್ತಿದ್ರೆ ಯಾರು ಏರ್ಸಿದ್ರು, ಯಾರು ಬಿಟ್ರು, ಎಲ್ಲಾ ನನ್ ಕಿವಿಗೆ ಬೀಳ್ತಿತ್ತು. ಕಮ್ಮಿ ಬಂದ್ರೂ ನನ್ ಎದುರ್ಗೇ ಕಮ್ಮಿ ಬಂತು ಅಂತ ಮನೆಗೋಗ್ತಿದ್ದೆ. ಈಗ ಟವೆಲ್ ಅಲ್ಲಾಡ್ತದೆ, ನಾನ್ ನಿಂತ್ಕೊಂಡ್ ನೋಡ್ತೀನಿ. ನನ್ ಕಾಯಿಗೆ ನಾನೇ ಹೊರಗಿನೋಳಾದೆ ಕಣಣ್ಣಾ."

ಬೈಯಲಿಲ್ಲ. ಕೂಗಾಡಲಿಲ್ಲ. ಖಾಲಿ ಕ್ರೇಟುಗಳನ್ನು ಟೆಂಪೋಗೆ ಹಾಕಿಸಿಕೊಂಡು ಹೊರಟುಹೋದಳು.

ಅನ್ವರ್ ಸಾಬರು ಮೋಸಗಾರರಲ್ಲ, ನಾನೂ ಅಲ್ಲ. ಅಂದಿನ ರೇಟು ನ್ಯಾಯವಾದದ್ದೇ. ಆದರೆ ನ್ಯಾಯ ನನ್ನ ಮತ್ತು ವ್ಯಾಪಾರಿಯ ಬೆರಳಿನ ನಡುವೆ ಇತ್ತು, ಅವಳ ಕಿವಿಗೆ ಬೀಳಲಿಲ್ಲ. ಇಷ್ಟು ವರ್ಷ ನನ್ನ ದನಿಯನ್ನು ನಾನು ನನ್ನ ಜಂಬಕ್ಕೆ ಎಂದುಕೊಂಡಿದ್ದೆ. ಬಸ್‌ಸ್ಟ್ಯಾಂಡಿನವರೆಗೆ ಕೇಳಿಸಿ ಏನಾಗಬೇಕಿತ್ತು? ಅದು ಕೇಳಿಸಬೇಕಾಗಿದ್ದದ್ದು ರಾಶಿಯ ಪಕ್ಕದಲ್ಲಿ ಸೆರಗು ಹಿಡಿದು ನಿಂತವಳಿಗೆ. ಅವಳಿಗೆ ಅದು ನನ್ನ ದನಿಯಲ್ಲ, ಅವಳ ಕಾಯಿಯ ಬೆಲೆ. ಕ್ರೇಟುಗಳ ಹಿಂದೆ ಹೋಗಿ ಕೂತು ಅತ್ತೆ.

ಅಳುವಿಗೂ ದನಿ ಬರಲಿಲ್ಲ.

ಸಂಜೆ ಮನೆಗೆ ಹೋಗಿ ಪದ್ಮಳ ಮುಂದೆ ಕೂತು, ನನ್ನ ಕುತ್ತಿಗೆಗೆ ಬೆರಳಿಟ್ಟು, "ಚುಚ್ಚಿಸ್ಕೊತೀನಿ" ಎಂದೆ. ಅವಳು ಯಾಕೆ ಎಂದು ಕೇಳಲಿಲ್ಲ. ಯಾವಾಗ ಎಂದಳು.

ಎಚ್ಚರವಿರುವಾಗಲೇ ಮಾಡುತ್ತಾರೆ. ಮೂಗಿನಲ್ಲಿ ಕ್ಯಾಮರಾ, ಕುತ್ತಿಗೆಯಲ್ಲಿ ಸೂಜಿ, ಎದುರಿಗೆ ಟಿವಿ. ಕುರ್ಚಿಯ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆ ಎಂದರೆ ನರ್ಸು ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಇನ್ನೇನು ಉರಿ ಏಳುತ್ತದೆ ಎಂದು ಕಾದೆ. ಏಳಲಿಲ್ಲ. ಏನೋ ಒತ್ತಿದ ಹಾಗಾಯಿತು. ಟಿವಿಯಲ್ಲಿ ಆ ಮಲಗಿದ್ದ ಬಿಳಿ ಪಟ್ಟಿ ಮೆಲ್ಲಗೆ ಉಬ್ಬಿ ನಡುವಿಗೆ ಸರಿಯಿತು.

"'ಈ' ಅನ್ನಿ ಅಂಕಲ್."

ಅಂದೆ.

ಕೋಣೆಯಲ್ಲಿ ಯಾರೋ ಮಾತಾಡಿದರು ಎಂದು ತಿರುಗಿ ನೋಡುವಂತಾಯಿತು. ಅದು ನಾನೇ.

"ಇಷ್ಟಕ್ಕೇ ಹಿಗ್ಗಬೇಡಿ" ಎಂದರು ಡಾಕ್ಟರು, ತಾವೇ ಹಿಗ್ಗುತ್ತಾ. "ಈ ಜೆಲ್ ಕೆಲವು ತಿಂಗಳಲ್ಲಿ ಕರಗುತ್ತೆ. ಅಷ್ಟರೊಳಗೆ ನರ ಎದ್ರೆ ಸರಿ. ಇಲ್ಲಾಂದ್ರೆ ಆಮೇಲೆ ಆಪರೇಷನ್ ಬಗ್ಗೆ ಯೋಚಿಸೋಣ. ಮಾತಾಡಿ, ಆದ್ರೆ ಹಳೇ ಥರ ಕೂಗೋದು ಬೇಡ. ಮೈಕ್ ಇಟ್ಕೊಳ್ಳಿ."

ಮಾತು ಬಂದರೂ ಒಂದೆರಡು ದಿನ ಬಾಯಿ ಮುಚ್ಚಿಕೊಂಡಿರಬೇಕಿತ್ತು. ಅದು ಮುಗಿದ ಬೆಳಿಗ್ಗೆ ಪದ್ಮ ಒಂದು ಚೊಂಬು ನೀರು ತಂದಿಟ್ಟಳು. ಅಂಬಲಿಯಲ್ಲ, ನೀರು. ಕುಡಿದೆ. ಅವಳು ತಲೆ ತಟ್ಟಲು ಕೈ ಎತ್ತಿಕೊಂಡೇ ನಿಂತಿದ್ದಳು. ಕೆಮ್ಮು ಬರಲಿಲ್ಲ. ಇನ್ನೊಂದು ಗುಟುಕು. ಬರಲಿಲ್ಲ. ಎತ್ತಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಅವಳು ಹಾಗೇ ನನ್ನ ತಲೆಯ ಮೇಲೆ ಇಟ್ಟಳು.

ಈಗ ನನಗಿರುವುದು ಎರವಲು ದನಿ. ಹಿಂದಿನದರ ಅರ್ಧವೂ ಇಲ್ಲ. ಸಂಜೆಯ ಹೊತ್ತಿಗೆ ದಣಿದು ಗೊಗ್ಗರಾಗುತ್ತದೆ. ಜೆಲ್ ಕರಗುವ ದಿನ ಬಂದಾಗ ನರ ಎದ್ದಿರುತ್ತದೋ ಇಲ್ಲವೋ ಗೊತ್ತಿಲ್ಲ. ಪ್ರತಿ ಬೆಳಿಗ್ಗೆ ಹಾಸಿಗೆಯಲ್ಲೇ ಒಂದು ಸಲ "ಈ" ಎಂದು ನೋಡಿಕೊಳ್ಳುತ್ತೇನೆ. ಬಂದರೆ ಏಳುತ್ತೇನೆ.

ಮಂಡಿಗೆ ವಾಪಸು ಹೋಗುವ ಹೊತ್ತಿಗೆ ಸೀಸನ್ನಿನ ಕೊನೆಯ ಕಾಯಿ ಬರುತ್ತಿತ್ತು, ನೀಲಂ. ಅನ್ವರ್ ಸಾಬರು ಗಾಡಿಯಲ್ಲಿ ಸೊಪ್ಪು ಮಾರುವವರು ಹಾಕಿಕೊಳ್ಳುವಂಥ ಮೈಕು ತಂದು ನನ್ನ ಕತ್ತಿಗೆ ನೇತುಹಾಕಿದರು. ಎದುರು ಮಂಡಿಯವನು ಮೈಕು ತಂದಾಗ ನಾನು ಎಷ್ಟು ಗೇಲಿ ಮಾಡಿದ್ದೆ ಎಂಬುದನ್ನು ಯಾರೂ ಎತ್ತಿ ಆಡಲಿಲ್ಲ. ಟವೆಲ್ ಗೂಟದ ಮೇಲೆ ಹೋಯಿತು.

ಪಿಳ್ಳಮ್ಮನ ನೀಲಂ ಬಂದದ್ದು ಸ್ವಲ್ಪ. ಅವಳು ರಾಶಿಯ ಪಕ್ಕ ನಿಂತಳು. ನಾನು ಶುರುಮಾಡಿದೆ. ಯಾರು ಏರಿಸಿದರೋ ಅವರ ಹೆಸರು ಹಿಡಿದು ಹೇಳಿದೆ, ಯಾರು ಬಿಟ್ಟರೋ ಅದನ್ನೂ ಹೇಳಿದೆ. ದನಿ ಎರಡು ಕಡೆ ಒಡೆಯಿತು. ನಿಲ್ಲಿಸಿ, ಉಸಿರು ತೆಗೆದುಕೊಂಡು, ಮತ್ತೆ ಹೇಳಿದೆ. ಕೊನೆಯ ರೇಟನ್ನು ರೂಢಿಯಂತೆ ಮೂರು ಸಲ ಹೇಳಿದೆ, ವ್ಯಾಪಾರಿಗಳ ಕಡೆಗಲ್ಲ, ಅವಳ ಕಡೆ ತಿರುಗಿ.

"ಕೇಳಿಸ್ತು ಬಿಡಣ್ಣಾ" ಎಂದಳು ಪಿಳ್ಳಮ್ಮ, ಕಿವಿಗೆ ಕೈ ಅಡ್ಡ ಹಿಡಿದು. "ಕಿವುಡಿ ಅಂದ್ಕೊಂಡ್ಯಾ, ಪಕ್ದಲ್ ನಿಂತ್ಕೊಂಡು ಹಂಗರಚ್ತೀಯ?"

ಮೈಕು ಆಫ್ ಮಾಡಿದೆ. ಬರೀ ಬಾಯಲ್ಲಿ ಇನ್ನೊಂದು ಸಲ ಹೇಳಿದೆ.

ಅದೂ ಕೇಳಿಸಿತಂತೆ.